ಎರೆ ಇಟ್ಟು ಮರಸು ಕೂರುವುದು: ಮೇನ್ ರಾಜ್ಯದ ಚಳಿಗಾಲದಲ್ಲಿ ಕಯೋಟಿ ಬೇಟೆಯ ಸಮಗ್ರ ಮಾರ್ಗದರ್ಶಿ

ಪ್ರಾಣಿಯನ್ನು ಸೆಳೆಯಲು ಎರೆ, ಅಂದರೆ ಮಾಂಸ, ಇಟ್ಟು ಮರೆಯಲ್ಲಿ ಕಾದು ಕೂತು (ಇದೇ ಮರಸು) ಆಡುವ ಬೇಟೆಯನ್ನು ಸೋಮಾರಿಗಳ ಬೇಟೆ ಎನ್ನುವವರು ಅಮೆರಿಕದಲ್ಲೂ ಇದ್ದಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಓಡುತ್ತಿರುವ ಪ್ರಾಣಿಗೋ ಪೊದೆಯ ಸಂದಿಯಲ್ಲಿ ಅರೆಬರೆ ಕಂಡ ಪ್ರಾಣಿಗೋ ಗುಂಡು ಹಾರಿಸಿದರೆ ಅದು ಗಾಯಗೊಂಡು ನರಳುವ ಸಾಧ್ಯತೆ ಹೆಚ್ಚು. ಎರೆಯ ಮುಂದೆ ಹಾಗಲ್ಲ. ಎದುರಿಗಿರುವುದು ಯಾವ ಪ್ರಾಣಿ ಎಂದು ಸಾವಧಾನವಾಗಿ ನೋಡಬಹುದು, ಅದು ನಿಂತು ತಿನ್ನುವವರೆಗೆ ಕಾಯಬಹುದು, ಅಳೆದು ಗೊತ್ತಿರುವ ದೂರದಿಂದ ಒಂದೇ ಈಡಿನಲ್ಲಿ ಮುಗಿಸಬಹುದು. ಅಂಥ ಒಂದು ಗಳಿಗೆಯನ್ನು ಸಿದ್ಧಮಾಡಿಕೊಳ್ಳಲು ವಾರಗಟ್ಟಲೆ ದುಡಿಯಬೇಕು. ಆ ದುಡಿಮೆಯನ್ನು ಹಂತಹಂತವಾಗಿ ಇಲ್ಲಿ ವಿವರಿಸಿದ್ದೇನೆ.

ಇದು ಅಮೆರಿಕದ ಈಶಾನ್ಯ ಮೂಲೆಯ ಮೇನ್ ರಾಜ್ಯಕ್ಕಾಗಿ ಬರೆದದ್ದು. ಬಾಸ್ಟನ್ ಸುತ್ತಮುತ್ತ ನೆಲೆಸಿ, ಚಳಿಗಾಲದಲ್ಲಿ ಉತ್ತರಕ್ಕೆ ಹೋಗಿ ಬೇಟೆ ಕಲಿಯಬೇಕೆಂದಿರುವ ಕನ್ನಡಿಗರು ನನ್ನ ಕಣ್ಣಮುಂದಿದ್ದಾರೆ. ಊರಿನಲ್ಲಿ ಓದುತ್ತಿರುವವರಿಗೆ ಒಂದು ಮಾತು: ಭಾರತದಲ್ಲಿ ನರಿ, ತೋಳಗಳ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಇಲ್ಲಿರುವ ಯಾವ ವಿಧಾನವೂ ಅಲ್ಲಿಗೆ ಸಲ್ಲುವುದಿಲ್ಲ.

ಮೊದಲು ಪ್ರಾಣಿಯನ್ನು ತಿಳಿಯಿರಿ

ಕಯೋಟಿ ನಾಯಿ, ತೋಳಗಳ ಕುಲದ ಪ್ರಾಣಿ. ಪಶ್ಚಿಮದ ಬಯಲುಗಳಲ್ಲಿ ಅದರ ತೂಕ ಸಾಮಾನ್ಯವಾಗಿ 9ರಿಂದ 14 ಕಿಲೋ. ಮೇನ್‌ನಲ್ಲಿರುವ ಪೂರ್ವದ ಕಯೋಟಿಯಲ್ಲಿ ತೋಳ ಮತ್ತು ನಾಯಿಯ ರಕ್ತವೂ ಬೆರೆತಿದೆ, ಆದ್ದರಿಂದ ಅದು 14ರಿಂದ 20 ಕಿಲೋವರೆಗೆ ತೂಗುತ್ತದೆ. 1930ರ ದಶಕದಲ್ಲಿ ಈ ರಾಜ್ಯದಲ್ಲಿ ಮೊದಲು ಕಾಣಿಸಿಕೊಂಡ ಅದು 1970ರ ದಶಕದ ಹೊತ್ತಿಗೆ ಉದ್ದಗಲಕ್ಕೂ ಹರಡಿಕೊಂಡಿತ್ತು.

ಚಳಿಗಾಲವೇ ಏಕೆ? ಹಿಮ ದಪ್ಪಗಾದಂತೆ ಇಲಿಗಳು ಅದರಡಿ ಅವಿತುಕೊಳ್ಳುತ್ತವೆ, ಹಣ್ಣು ಹುಳುಗಳು ಇರುವುದಿಲ್ಲ, ಸತ್ತ ಪ್ರಾಣಿಯ ಮಾಂಸವೇ ಮುಖ್ಯ ಆಹಾರವಾಗುತ್ತದೆ. ಎರೆಗೆ ಬೆಲೆ ಬರುವುದು ಆಗಲೇ. ಡಿಸೆಂಬರ್, ಜನವರಿಯಲ್ಲಿ ತುಪ್ಪಳವೂ ತುಂಬಿಕೊಂಡಿರುತ್ತದೆ. ಫೆಬ್ರವರಿ ಕಳೆಯುತ್ತಿದ್ದಂತೆ ಸೊಂಟದ ಬಳಿ ಕೂದಲು ಉಜ್ಜಿ ಸವೆಯತೊಡಗುತ್ತದೆ. ಜನವರಿಯಿಂದ ಮಾರ್ಚ್ ಆರಂಭದವರೆಗೆ ಬೆದೆಯ ಕಾಲ. ಗಂಡು ಹೆಣ್ಣು ಜೊತೆಯಾಗಿ ಹೆಚ್ಚು ತಿರುಗಾಡುತ್ತವೆ. ಸುಮಾರು 63 ದಿನಗಳ ಗರ್ಭದ ನಂತರ ವಸಂತದಲ್ಲಿ ಮರಿ.

"ಜಿಂಕೆಗಳನ್ನು ಉಳಿಸಲು ಕಯೋಟಿ ಹೊಡೆಯುತ್ತೇನೆ" ಎಂದು ಹಲವರು ಹೇಳುತ್ತಾರೆ. ಒಬ್ಬ ಬೇಟೆಗಾರ ಚಳಿಗಾಲದಲ್ಲಿ ಎರಡು ಮೂರು ಕಯೋಟಿ ಹೊಡೆದರೆ ಅವುಗಳ ಸಂಖ್ಯೆ ಇಳಿಯುವುದಿಲ್ಲ. ತೆರವಾದ ಜಾಗಕ್ಕೆ ಬೇರೆಡೆಯ ಎಳೆಯ ಕಯೋಟಿಗಳು ಬಂದು ಸೇರುತ್ತವೆ, ಆಹಾರ ಸಾಕಷ್ಟು ಸಿಕ್ಕರೆ ಹೆಚ್ಚು ಮರಿಗಳೂ ಬದುಕುತ್ತವೆ. ತುಪ್ಪಳಕ್ಕಾಗಿಯೋ, ಕುರಿದೊಡ್ಡಿಯ ಹತ್ತಿರ ಸುಳಿಯುವುದನ್ನು ತಡೆಯಲೋ, ಬೇಟೆಯ ವಿದ್ಯೆಯ ಮೇಲಿನ ಒಲವಿನಿಂದಲೋ ಹೋಗಿ. ಕಾರಣ ಏನೇ ಇದ್ದರೂ ಅದನ್ನು ನೇರವಾಗಿ ಹೇಳಿಕೊಳ್ಳುವುದು ಒಳ್ಳೆಯದು.

ಕಾಗದಪತ್ರಗಳು

ವೀಸಾದ ಮೇಲೆ ಇರುವವರು ಇದನ್ನು ಎರಡು ಸಲ ಓದಿ. ಎಚ್-1ಬಿ, ಎಫ್-1ರಂಥ ತಾತ್ಕಾಲಿಕ ವೀಸಾದಲ್ಲಿ ಬಂದವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಅದಕ್ಕಿರುವ ಕೆಲವು ವಿನಾಯಿತಿಗಳಲ್ಲಿ ಒಂದು, ಯಾವುದಾದರೂ ರಾಜ್ಯ ಕ್ರಮಬದ್ಧವಾಗಿ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ. ಅಂದರೆ ಪರವಾನಗಿ ಮೊದಲು, ಕೋವಿ ಆಮೇಲೆ. ಸ್ನೇಹಿತನ ಕೋವಿಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡರೂ ಈ ಕಾನೂನಿಗೆ ಸಿಕ್ಕಿಬೀಳಬಹುದು. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧ ಇಲ್ಲ. ನಿಮ್ಮ ಸ್ಥಿತಿಯ ಬಗ್ಗೆ ಎಳ್ಳಷ್ಟು ಅನುಮಾನವಿದ್ದರೂ ಮೊದಲು ವಲಸೆ ವಕೀಲರನ್ನು ಕೇಳಿ. ಇಲ್ಲಿ ತಪ್ಪಿದರೆ ಹೋಗುವುದು ದಂಡದ ಹಣ ಮಾತ್ರವಲ್ಲ, ಈ ದೇಶದಲ್ಲಿ ಇರುವ ಹಕ್ಕೇ ಹೋಗಬಹುದು.

ಮೊದಲ ಬಾರಿಗೆ ವಯಸ್ಕರ ಪರವಾನಗಿ ಪಡೆಯುವವರು ಬೇಟೆ ಸುರಕ್ಷತಾ ತರಬೇತಿ ಮುಗಿಸಿರಬೇಕು. ಮೇನ್‌ನಲ್ಲಿ ಹಗಲಿನ ಕಯೋಟಿ ಬೇಟೆಗೆ ವರ್ಷವಿಡೀ ಅವಕಾಶವಿದೆ. ರಾತ್ರಿ ಬೇಟೆ ಡಿಸೆಂಬರ್ 16ರಿಂದ ಆಗಸ್ಟ್ 31ರವರೆಗೆ, ಅದಕ್ಕೆ ಪ್ರತ್ಯೇಕ ಅನುಮತಿ ಬೇಕು, ಜೊತೆಗೆ ಪ್ರಾಣಿಯನ್ನು ಕರೆಯುವ ಸೀಟಿ ಅಥವಾ ಯಂತ್ರವೊಂದು ನಿಮ್ಮ ಬಳಿ ಇರಬೇಕು. ಭಾನುವಾರ ಬೇಟೆಯೇ ಇಲ್ಲ; ಆ ನಿಷೇಧವನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ 2024ರಲ್ಲಿ ನಿಷೇಧವನ್ನೇ ಎತ್ತಿಹಿಡಿಯಿತು. ಶನಿವಾರ ರಾತ್ರಿ ಕೂತವರು ಹನ್ನೆರಡು ಗಂಟೆಗೆ ಮುಂಚೆ ಎದ್ದು ಹೊರಡಬೇಕು. ವಾಸದ ಮನೆಯಿಂದ 91 ಮೀಟರ್ ಒಳಗೆ, ಮನೆಯವರ ಅನುಮತಿ ಇಲ್ಲದೆ ಗುಂಡು ಹಾರಿಸುವಂತಿಲ್ಲ. ಎರೆ ಇಡುವ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ, ಕೆಲವೊಮ್ಮೆ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ರಾಜ್ಯದ ವನ್ಯಜೀವಿ ಇಲಾಖೆಯ ಆ ವರ್ಷದ ಕೈಪಿಡಿ ಓದಿ, ಆಮೇಲೆ ಆ ಭಾಗದ ಗೇಮ್ ವಾರ್ಡನ್‌ಗೆ (ಬೇಟೆಯ ಕಾನೂನು ಜಾರಿ ಮಾಡುವ ಅಧಿಕಾರಿ) ಫೋನ್ ಮಾಡಿ, ಎರೆ ಎಲ್ಲಿ ಇಡುತ್ತಿದ್ದೀರಿ ಎಂದು ತಿಳಿಸಿ. ರಾತ್ರಿ ಗುಂಡಿನ ಸದ್ದು ಕೇಳಿ ಯಾರಾದರೂ ದೂರು ಕೊಟ್ಟರೆ, ನೀವು ಯಾರೆಂದು ಅವರಿಗೆ ಮೊದಲೇ ಗೊತ್ತಿರುತ್ತದೆ.

ಜಮೀನಿನ ಒಡೆಯರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಮೇನ್‌ನ ಬಹುಪಾಲು ಕಾಡು ಖಾಸಗಿಯವರದು. ಫಲಕವಿಲ್ಲದ ಜಮೀನಿನಲ್ಲಿ ಜನ ಓಡಾಡುವುದು ಅಲ್ಲಿನ ಹಳೆಯ ರೂಢಿ, ಆದರೆ ಮಾಂಸ ತಂದು ಸುರಿಯುವುದಕ್ಕೆ ಆ ರೂಢಿ ಸಾಲದು. ಮರದ ಕಾಂಡದ ಮೇಲೆ ನೇರಳೆ ಬಣ್ಣದ ಉದ್ದ ಪಟ್ಟಿ ಕಂಡರೆ, ಅನುಮತಿ ಇಲ್ಲದೆ ಒಳಗೆ ಬರಬೇಡಿ ಎಂದು ಅರ್ಥ.

ಜಾಗ ಮತ್ತು ಗಾಳಿ

ಇಡೀ ಬೇಟೆಯ ಗೆಲುವು ಸೋಲು ನಿರ್ಧಾರವಾಗುವುದು ಇಲ್ಲೇ. ಒಳ್ಳೆಯ ಕೋವಿಗೆ ಹಣ ಸುರಿದು, ಜಾಗವನ್ನು ಅರ್ಧ ಗಂಟೆಯಲ್ಲಿ ಆರಿಸುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ನವೆಂಬರ್ ಕೊನೆಯ ಅಥವಾ ಡಿಸೆಂಬರ್‌ನ ಮೊದಲ ಹಿಮ ಬಿದ್ದ ಮರುದಿನ ಹೋಗಿ ಜಾಡು ನೋಡಿ. ಕಯೋಟಿಯ ಹೆಜ್ಜೆ ಸುಮಾರು ಆರೇಳು ಸೆಂಟಿಮೀಟರ್ ಉದ್ದ, ನೀಳವಾದ ಮೊಟ್ಟೆಯ ಆಕಾರ, ನಡುವಿನ ಎರಡು ಉಗುರುಗಳ ಗುರುತು ಒಂದಕ್ಕೊಂದು ಹತ್ತಿರ. ಸಾಕುನಾಯಿಯ ಹೆಜ್ಜೆ ಬೆರಳುಗಳು ಅಗಲಿಕೊಂಡು ದುಂಡಗಿರುತ್ತದೆ, ಅದರ ಜಾಡು ಅತ್ತಿತ್ತ ಅಲೆಯುತ್ತದೆ. ಕಯೋಟಿ ದಾರ ಹಿಡಿದಂತೆ ನೇರ ಹೋಗುತ್ತದೆ. ಮರ ಸಾಗಿಸುವ ಹಳೆಯ ರಸ್ತೆ, ತೊರೆಯ ದಂಡೆ, ಹೊಲದ ಅಂಚು, ಹಿಮವಾಹನದ ಹಾದಿ, ಇವೆಲ್ಲ ಅದರ ಓಡಾಟದ ದಾರಿಗಳು. ಇಂಥ ಎರಡು ದಾರಿ ಕೂಡುವ ಕಡೆ, ಒಂದು ಬದಿಯಲ್ಲಿ ದಟ್ಟ ಸ್ಪ್ರೂಸ್ ಮರಗಳ ಮರೆ, ಇನ್ನೊಂದು ಬದಿಯಲ್ಲಿ ತೆರಪು ಇರುವ ಜಾಗ ಸಿಕ್ಕರೆ ಬಿಡಬೇಡಿ. ಜಿಂಕೆಗಳು ಚಳಿಗಾಲ ಕಳೆಯಲು ಗುಂಪುಗೂಡುವ ದಟ್ಟ ಕಾಡಿನ ಹತ್ತಿರ ಮಾತ್ರ ಎರೆ ಇಡಬೇಡಿ. ಹಸಿದ ಕಯೋಟಿಗಳನ್ನು ಬಳಲಿದ ಜಿಂಕೆಗಳ ಬಳಿಗೆ ನೀವೇ ಕರೆತಂದಂತಾಗುತ್ತದೆ. ಹೆಪ್ಪುಗಟ್ಟಿದ ಕೆರೆಯ ಮೇಲೂ ಬೇಡ, ಮಂಜುಗಡ್ಡೆ ಕರಗಿದಾಗ ಉಳಿದದ್ದೆಲ್ಲ ನೀರಿಗೆ ಸೇರುತ್ತದೆ.

ಈಗ ಗಾಳಿ. ಕಯೋಟಿ ಎರೆಯ ಬಳಿಗೆ ನೇರ ಬರುವುದು ಅಪರೂಪ. ಗಾಳಿ ಬೀಸಿ ಹೋಗುವ ಕಡೆಗೆ ಸುತ್ತು ಹಾಕಿ, ಮೂಗಿನಿಂದ ಎಲ್ಲವನ್ನೂ ಪರೀಕ್ಷಿಸಿಯೇ ಬರುತ್ತದೆ. ಮೇನ್‌ನಲ್ಲಿ ಚಳಿಗಾಲದ ಗಾಳಿ ಹೆಚ್ಚಾಗಿ ವಾಯವ್ಯದಿಂದ ಬೀಸುತ್ತದೆ. ಹಾಗಿರುವಾಗ ಎರೆಯ ವಾಸನೆ ಆಗ್ನೇಯಕ್ಕೆ ಹೋಗುತ್ತದೆ, ಕಯೋಟಿಯೂ ಆ ಕಡೆಯಿಂದಲೇ ಬರುತ್ತದೆ. ಅಡಗಿ ಕೂರುವ ಗೂಡನ್ನು ನೀವೂ ಆಗ್ನೇಯದಲ್ಲೇ ಕಟ್ಟಿದರೆ ನಿಮ್ಮ ಮೈವಾಸನೆ ಅದರ ದಾರಿಯ ಮೇಲೆಯೇ ಹರಡುತ್ತದೆ, ಅದು ನಿಮ್ಮ ಬೆನ್ನ ಹಿಂದಿನಿಂದಲೇ ತಿರುಗಿ ಹೋಗಿರುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಗೂಡು ಎರೆಯ ನೈಋತ್ಯಕ್ಕೆ ಇರಲಿ. ಆಗ ಗಾಳಿ ಅಡ್ಡಲಾಗಿ ಬೀಸುತ್ತದೆ, ನಿಮ್ಮ ವಾಸನೆಯೂ ಎರೆಯ ವಾಸನೆಯೂ ಬೇರೆ ಬೇರೆ ಪಟ್ಟಿಗಳಾಗಿ ಹರಿಯುತ್ತವೆ, ಸುತ್ತು ಹಾಕಿ ಬರುವ ಪ್ರಾಣಿ ನಿಮ್ಮ ಬಲಗಡೆಯ ತೆರಪಿನಲ್ಲಿ ಕಾಣಿಸಿಕೊಳ್ಳುತ್ತದೆ. ನಿಮ್ಮ ವಾಸನೆ ಹೋಗುವ ಕಡೆ ಕಡಿದಾದ ದಂಡೆಯೋ ವಿಶಾಲವಾದ ಬಯಲೋ ಇದ್ದು, ಪ್ರಾಣಿಗಳು ಆ ಕಡೆ ಬಾರದಂತಿದ್ದರೆ ಇನ್ನೂ ಒಳ್ಳೆಯದು.

ಗಾಳಿಯೇ ಇಲ್ಲದ ರಾತ್ರಿ ಬೇರೆ ಲೆಕ್ಕ. ಆಗ ತಣ್ಣನೆಯ ಗಾಳಿ ನೀರಿನಂತೆ ಇಳಿಜಾರಿನಲ್ಲಿ ಕೆಳಕ್ಕೆ ಹರಿಯುತ್ತದೆ. ಎರೆ ಕೆಳಗಿದ್ದು ಗೂಡು ನೇರ ಮೇಲಿದ್ದರೆ ನಿಮ್ಮ ವಾಸನೆ ಎರೆಯ ಮೇಲೆಯೇ ಬಂದು ನಿಲ್ಲುತ್ತದೆ. ಜಾಗ ನಿರ್ಧರಿಸುವ ಮುನ್ನ ಒಂದು ನಿಶ್ಚಲ ಸಂಜೆ ಅಲ್ಲಿಗೆ ಹೋಗಿ, ಚಿಟಿಕೆ ಟಾಲ್ಕಂ ಪುಡಿ ಊದಿ, ಅದು ಯಾವ ಕಡೆ ತೇಲಿಹೋಗುತ್ತದೆ ಎಂದು ಟಾರ್ಚ್ ಬೆಳಕಿನಲ್ಲಿ ನೋಡಿ. ಗಾಳಿ ದಿಕ್ಕು ತಿರುಗಿದ ದಿನ ಕೂರಲು ಹೋಗಲೇಬೇಡಿ. ಹದ ತಪ್ಪಿದ ಗಾಳಿಯಲ್ಲಿ ಒಮ್ಮೆ ಕೂತರೆ ಮೂರು ವಾರದ ಶ್ರಮ ಒಂದೇ ರಾತ್ರಿಯಲ್ಲಿ ಹೋಗುತ್ತದೆ.

ದೂರ 60ರಿಂದ 100 ಮೀಟರ್ ಸಾಕು. ಎರೆಯ ಹಿಂದೆ ಮಣ್ಣಿನ ದಿಬ್ಬ ಇರಲೇಬೇಕು. ಹೆಪ್ಪುಗಟ್ಟಿದ ನೆಲಕ್ಕೆ, ಮಂಜುಗಡ್ಡೆಗೆ ತಾಗಿದ ಗುಂಡು ಪುಟಿದು ಎಲ್ಲಿಗೋ ಹಾರುತ್ತದೆ. ಗೂಡು ಒಂದೆರಡು ಮೀಟರ್ ಎತ್ತರದಲ್ಲಿದ್ದು, ಗುಂಡು ಓರೆಯಾಗಿ ದಿಬ್ಬದೊಳಕ್ಕೆ ಇಳಿಯುವಂತಿದ್ದರೆ ಆ ಭಯ ಬಹುಮಟ್ಟಿಗೆ ತಪ್ಪುತ್ತದೆ.

ಎರೆ

ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯ ಎರೆ ಬೀವರ್‌ನ (ತೊರೆ, ಕೆರೆಗಳಲ್ಲಿರುವ ದೊಡ್ಡ ದಂಶಕ ಪ್ರಾಣಿ) ಹೆಣ. ಪರವಾನಗಿ ಪಡೆದು ಬೋನು, ಉರುಳು ಇಡುವವರು ಚರ್ಮ ಸುಲಿದ ಮೇಲೆ ದೇಹವನ್ನು ಸಾಮಾನ್ಯವಾಗಿ ಎಸೆಯುತ್ತಾರೆ, ಕೇಳಿದರೆ ಕೊಡುತ್ತಾರೆ. ಕೊಬ್ಬು ಹೆಚ್ಚು, ವಾಸನೆ ದೂರಕ್ಕೆ ಹೋಗುತ್ತದೆ, ಕಯೋಟಿಗೆ ಪರಿಚಿತ ಆಹಾರವೂ ಹೌದು. ಅದು ಸಿಗದಿದ್ದರೆ ಮಾಂಸದಂಗಡಿಯ ಕೊಬ್ಬು, ಮೂಳೆ, ಚೂರುಪಾರು. ರಸ್ತೆಯಲ್ಲಿ ಸತ್ತ ಜಿಂಕೆಯನ್ನು ಅನುಮತಿ ಇಲ್ಲದೆ ಎತ್ತಬೇಡಿ. ಜಿಂಕೆಗಳ ಮಾರಕ ಮಿದುಳು ರೋಗ ಹರಡದಿರಲೆಂದು ಹೊರ ರಾಜ್ಯಗಳಿಂದ ಇಡೀ ಹೆಣ ತರುವುದಕ್ಕೂ ಮೇನ್‌ನಲ್ಲಿ ನಿರ್ಬಂಧವಿದೆ.

ಇಡಬಾರದ್ದನ್ನು ಒತ್ತಿ ಹೇಳಬೇಕು. ಪಶುವೈದ್ಯರು ಇಂಜೆಕ್ಷನ್ ಕೊಟ್ಟು ಕೊನೆಗಾಣಿಸಿದ ಹಸು, ಕುದುರೆಯ ದೇಹವನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ತೆಗೆದುಕೊಳ್ಳಬೇಡಿ. ಆ ಇಂಜೆಕ್ಷನ್‌ನಲ್ಲಿರುವ ಪೆಂಟೊಬಾರ್ಬಿಟಲ್ ಮಾಂಸದಲ್ಲೇ ಉಳಿಯುತ್ತದೆ, ಅದನ್ನು ತಿಂದ ಬೋಳು ಹದ್ದುಗಳು ಸತ್ತಿವೆ. ಹದ್ದು ಸತ್ತರೆ 1940ರ ಹದ್ದು ಸಂರಕ್ಷಣಾ ಕಾಯ್ದೆಯಡಿ ನೀವೇ ಹೊಣೆಯಾಗಬಹುದು. ಚಾಕೊಲೇಟ್ ಕೂಡದು, ನಾಯಿ ಕುಲಕ್ಕೂ ಕರಡಿಗೂ ಅದು ವಿಷ. ಪ್ಲಾಸ್ಟಿಕ್ ಚೀಲ, ದಾರ, ಬಲೆ, ಯಾವುದೂ ಮಾಂಸದ ಜೊತೆ ಇರಕೂಡದು.

ಎರೆಯನ್ನು ಹಾಗೇ ಸುರಿದರೆ ಒಂದು ರಾತ್ರಿಯಲ್ಲಿ ಎಲ್ಲವನ್ನೂ ಹೊತ್ತೊಯ್ಯುತ್ತವೆ. ನಮಗೆ ಬೇಕಾದದ್ದು ಕಯೋಟಿ ಬಂದು, ನಿಂತು, ಕಚ್ಚಿ ಎಳೆಯುತ್ತಾ ಹೊತ್ತು ಕಳೆಯುವುದು. ಅದಕ್ಕೆ 19 ಲೀಟರ್ ಹಿಡಿಸುವ ಸಾಮಾನ್ಯ ಪ್ಲಾಸ್ಟಿಕ್ ಬಕೆಟ್ ತೆಗೆದುಕೊಳ್ಳಿ. ಅಂಗೈಯಷ್ಟು ದೊಡ್ಡ ಮಾಂಸದ ತುಂಡು, ಕೊಬ್ಬನ್ನು ಒತ್ತೊತ್ತಾಗಿ ಮುಕ್ಕಾಲು ಭಾಗ ತುಂಬಿ, ಸಂದಿಗಳು ಮುಚ್ಚುವಷ್ಟು ನೀರು ಹಾಕಿ. ಮೇಲೆ ನಾಲ್ಕು ಬೆರಳು ಖಾಲಿ ಬಿಡಿ, ನೀರು ಗಟ್ಟಿಯಾಗುವಾಗ ಹಿಗ್ಗುತ್ತದೆ. ಮೈನಸ್ 10 ಡಿಗ್ರಿ ಸೆಲ್ಸಿಯಸ್‌ನ ಹೊರಾಂಗಣದಲ್ಲಿ ಎರಡು ರಾತ್ರಿ ಇಟ್ಟರೆ ಕಲ್ಲಾಗುತ್ತದೆ. ಬಕೆಟ್ಟಿನ ಹೊರಮೈಗೆ ಬಿಸಿನೀರು ಸುರಿದು ಮಗುಚಿದರೆ ಗಡ್ಡೆ ಇಡಿಯಾಗಿ ಹೊರಬರುತ್ತದೆ, ಬಕೆಟ್ ಮನೆಗೆ ವಾಪಸ್. ಆ ಗಡ್ಡೆಯನ್ನು ಕಯೋಟಿ ಎಳೆದೊಯ್ಯಲಾರದು, ಕೆರೆಕೆರೆದು ತಿನ್ನಬೇಕಾಗುತ್ತದೆ. ಮಾಂಸದ ತುಂಡೊಂದು ಅರ್ಧ ಹೊರಗೆ, ಅರ್ಧ ಮಂಜುಗಡ್ಡೆಯೊಳಗೆ ಸಿಕ್ಕಿಕೊಂಡಿದ್ದರೆ ಅದಕ್ಕೆ ಅಡ್ಡಡ್ಡ ನಿಂತು, ತಲೆ ತಗ್ಗಿಸಿ, ಮುಂಗಾಲು ಊರಿ ಎಳೆಯುತ್ತದೆ. ನಾವು ಕಾಯುವುದು ಆ ಭಂಗಿಗಾಗಿ. ಇನ್ನೊಂದು ಉಪಾಯ: ದಪ್ಪ ಮರದ ತುಂಡಿಗೆ ಅಂಗುಲ ಅಗಲದ ತೂತುಗಳನ್ನು ಕೊರೆದು, ಕರಗಿಸಿದ ಕೊಬ್ಬನ್ನು ಸುರಿದು ಗಟ್ಟಿಯಾಗಲು ಬಿಡುವುದು. ಅದನ್ನು ನೆಕ್ಕಿ ಮುಗಿಸಲು ಬಹಳ ಹೊತ್ತು ಬೇಕು.

ಡಿಸೆಂಬರ್ ಮಧ್ಯದಲ್ಲಿ ಶುರುಮಾಡಿ, ಕೂರುವ ಮುನ್ನ ಎರಡು ಮೂರು ವಾರವಾದರೂ ಎರೆ ಖಾಲಿಯಾಗದಂತೆ ನೋಡಿಕೊಳ್ಳಿ. ಒಮ್ಮೆ ಬಂದು ಏನೂ ಸಿಗದೆ ಹೋದ ಕಯೋಟಿ ಮತ್ತೆ ಬೇಗ ಬರುವುದಿಲ್ಲ. ನಡುಹಗಲು ಹೋಗಿ, ಪ್ರತಿಸಲವೂ ಒಂದೇ ದಾರಿ, ಒಂದೇ ಜೊತೆ ರಬ್ಬರ್ ಬೂಟು, ಐದು ನಿಮಿಷದ ಕೆಲಸ, ತಕ್ಷಣ ವಾಪಸ್. ಮೊದಲು ಬರುವವು ಕಾಡುಕಾಗೆಗಳು. ಅವುಗಳ ಗದ್ದಲವೇ ಕಯೋಟಿಗಳಿಗೆ ಕರೆ, ಓಡಿಸಬೇಡಿ. ಎರೆಯಿಂದ ಸ್ವಲ್ಪ ದೂರದ ಮರಕ್ಕೆ, ತಲೆಗಿಂತ ಎತ್ತರದಲ್ಲಿ, ಚಲನೆ ಕಂಡರೆ ತಾನೇ ಚಿತ್ರ ತೆಗೆಯುವ ಕ್ಯಾಮೆರಾ ಕಟ್ಟಿ. ಸಾಮಾನ್ಯ ಬ್ಯಾಟರಿಗಳು ಚಳಿಗೆ ಕುಸಿಯುತ್ತವೆ, ಲಿಥಿಯಂ ಬ್ಯಾಟರಿ ಹಾಕಿ. ಚಿತ್ರದಲ್ಲಿ ಬರುವ ಸಮಯವನ್ನು ಬರೆದಿಟ್ಟುಕೊಳ್ಳಿ. ಎಲ್ಲವೂ ನಡುರಾತ್ರಿಯ ನಂತರದ ಭೇಟಿಗಳಾದರೆ ಮುಂಜಾನೆ ಕೂರುವುದರಿಂದ ಪ್ರಯೋಜನವಿಲ್ಲ.

ಮರಸಿನ ಗೂಡು

ಎರೆ ಶುರುಮಾಡುವ ಮೊದಲೇ ಗೂಡು ಅಲ್ಲಿರಬೇಕು, ಕಯೋಟಿಗೆ ಅದು ಕಾಡಿನ ಭಾಗವೇ ಎನಿಸಬೇಕು. ಎರಡು ಮೀಟರ್ ಉದ್ದಗಲದ ಪ್ಲೈವುಡ್ ಪೆಟ್ಟಿಗೆ, ಅಥವಾ ಮೀನು ಹಿಡಿಯಲು ಮಂಜುಗಡ್ಡೆಯ ಮೇಲಿಡುವ ಹಳೆಯ ಗುಡಿಸಲು ಸಾಕು. ಒಳಗೋಡೆಗೆ ಕಪ್ಪು ಬಣ್ಣ, ನೆಲಕ್ಕೆ ಹಳೆಯ ಕಾರ್ಪೆಟ್. ಚಳಿಯ ರಾತ್ರಿಯಲ್ಲಿ ಬೂಟಿನ ಒಂದು ಉಜ್ಜು ಸದ್ದು ನೂರು ಮೀಟರ್ ಆಚೆಗೂ ಕೇಳುತ್ತದೆ. ಎರೆಯ ಕಡೆಗೆ ಒಂದೇ ಕಿಟಕಿ ತೆರೆದಿರಲಿ. ಎರಡು ಕಡೆ ತೆರೆದರೆ ನಿಮ್ಮ ನೆರಳು ಹಿಂಬದಿಯ ಬೆಳಕಿಗೆ ಎದ್ದು ಕಾಣುತ್ತದೆ. ಕಿಟಕಿಯ ಹಲಗೆ ಜಾರುವ ಪಟ್ಟಿಗೆ ಮೇಣ ಸವರಿ, ಕಿರುಗುಟ್ಟುವ ಕುರ್ಚಿಯನ್ನು ಮನೆಯಲ್ಲೇ ಬಿಡಿ. ಕೋವಿ ಊರಲು ಮರಳಿನ ಚೀಲವಿರುವ ಗಟ್ಟಿ ಹಲಗೆ ಬೇಕು. ಗೂಡಿನ ಬುಡಕ್ಕೆ ಹಿಮ ಒತ್ತಿದರೆ ಗಾಳಿ ಸೀಟಿ ಹಾಕುವುದು ನಿಲ್ಲುತ್ತದೆ, ಬೆಚ್ಚಗೂ ಇರುತ್ತದೆ. ಕಪ್ಪು ಒಳಾಂಗಣದಲ್ಲಿ ಕಪ್ಪು ಬಟ್ಟೆ ತೊಡಿ. ಬಿಳಿ ಅಂಗಿ ಹೊರಗೆ ಹಿಮದಲ್ಲಿ ಕೂರುವವರಿಗೆ.

ಪ್ರೊಪೇನ್ ಹೀಟರ್ ಇಡುವವರು ಗೂಡಿನ ಮೇಲೆ ಕೆಳಗೆ ಎರಡು ಗಾಳಿಕಿಂಡಿ ಬಿಟ್ಟು, ಬ್ಯಾಟರಿಯ ಕಾರ್ಬನ್ ಮೊನಾಕ್ಸೈಡ್ ಎಚ್ಚರಿಕೆ ಗಂಟೆ ಇಡಲೇಬೇಕು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತೂಕಡಿಕೆ ಶುರುವಾದರೆ ಬೇಟೆ ಮರೆತು ಹೊರಗೆ ಬನ್ನಿ. ಹೀಟರ್ ಹಚ್ಚಿಕೊಂಡು ನಿದ್ದೆ ಮಾಡಕೂಡದು.

ಕೋವಿ, ಗುಂಡು

.223 ರೆಮಿಂಗ್ಟನ್, .22-250, .243, ಈ ತೋಟಾಗಳ ರೈಫಲ್‌ಗಳಲ್ಲಿ ಯಾವುದಾದರೂ ಈ ದೂರಕ್ಕೆ ಧಾರಾಳ ಸಾಕು. 12 ಬೋರಿನ ಚರೆ ಕೋವಿ ಇಟ್ಟುಕೊಂಡವರು 35 ಮೀಟರ್ ದಾಟಬಾರದು, ಅಂದರೆ ಗೂಡನ್ನೇ ಹತ್ತಿರ ಕಟ್ಟಬೇಕು. ಗುರಿಯ ಹೊಂದಾಣಿಕೆಯನ್ನು ಬೇಸಗೆಯ ಮೈದಾನದಲ್ಲಿ ಮಾಡಿ ಬಿಡಬೇಡಿ. ಚಳಿಯಲ್ಲಿ, ಅದೇ ಜಾಕೆಟ್, ಅದೇ ಕೈಗವಸು ತೊಟ್ಟು ಮಾಡಿ.

ಸೀಸದ ಗುಂಡಿನ ಬದಲು ತಾಮ್ರದ ಗುಂಡನ್ನೇ ಬಳಸಿ ಎಂಬುದು ನನ್ನ ಆಗ್ರಹ. ಸೀಸದ ಗುಂಡು ದೇಹದೊಳಗೆ ಸಣ್ಣ ಚೂರುಗಳಾಗಿ ಒಡೆಯುತ್ತದೆ, ಸತ್ತ ಪ್ರಾಣಿಯನ್ನು ತಿಂದ ಹದ್ದಿನ ಹೊಟ್ಟೆಗೆ ಆ ಚೂರುಗಳು ಸೇರುತ್ತವೆ. ಅಮೆರಿಕದ 38 ರಾಜ್ಯಗಳ 1,210 ಹದ್ದುಗಳನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರ್ಧಕ್ಕೆ ಹತ್ತಿರ ಹಕ್ಕಿಗಳಲ್ಲಿ ದೀರ್ಘಕಾಲದ ಸೀಸದ ವಿಷದ ಗುರುತು ಸಿಕ್ಕಿತು. ಎರೆಯ ಸುತ್ತ ಹದ್ದುಗಳು ಬಂದೇ ಬರುತ್ತವೆ, ಹಾಗಾಗಿ ಈ ಬೇಟೆಯಲ್ಲಿ ಇದು ದೂರದ ಮಾತಲ್ಲ.

ಕೋವಿಯ ಕುದುರೆಯ (ಟ್ರಿಗರ್) ಭಾಗಗಳ ಎಣ್ಣೆ ಮೈನಸ್ 20ರಲ್ಲಿ ಅಂಟಾಗಿ, ಬಡಿಯುವ ಮೊಳೆ ನಿಧಾನವಾಗುತ್ತದೆ. ಹಳೆಯ ಎಣ್ಣೆಯನ್ನು ಪೂರ್ತಿ ಒರೆಸಿ, ಒಣ ಗ್ರಾಫೈಟ್ ಸವರಿ. ಬೇಟೆಗೆ ತಂಗುವ ದಿನಗಳಲ್ಲಿ ಖಾಲಿ ಮಾಡಿದ ಕೋವಿಯನ್ನು ಬೀಗ ಹಾಕಿ ತಣ್ಣನೆಯ ಕೋಣೆಯಲ್ಲೇ ಇಡಿ. ಬೆಚ್ಚನೆಯ ಕೋಣೆಗೆ ತಂದರೆ ಇಬ್ಬನಿ ಕೂರುತ್ತದೆ, ಮತ್ತೆ ಹೊರಗೆ ಒಯ್ದಾಗ ಅದೇ ಹೆಪ್ಪುಗಟ್ಟುತ್ತದೆ.

ಕೂರುವ ದಿನ

ಹಿಮ ಬಿದ್ದು ನಿಂತ ಮರುದಿನ, ಅಥವಾ ಕಡುಚಳಿ ಇಳಿಯತೊಡಗುವ ಮುನ್ನಿನ ಎರಡು ರಾತ್ರಿ, ಇವು ನನ್ನ ಆಯ್ಕೆ. ಹುಣ್ಣಿಮೆಯ ಆಸುಪಾಸು ಹಿಮದ ಮೇಲೆ ಬೆಳಕು ಚೆಲ್ಲಿ ದೂರದ ಪ್ರಾಣಿಯೂ ಕಾಣುತ್ತದೆ. ಸೂರ್ಯ ಮುಳುಗುವುದಕ್ಕೆ ಎರಡು ಗಂಟೆ ಮೊದಲೇ ಗೂಡು ಸೇರಿ. ಇಬ್ಬರಿದ್ದರೆ ಒಬ್ಬರು ಇನ್ನೊಬ್ಬರನ್ನು ಗೂಡಿನ ಬಳಿ ಇಳಿಸಿ, ವಾಹನದ ಸದ್ದು ಮಾಡುತ್ತಾ ವಾಪಸ್ ಹೋಗಲಿ. ಎರೆ ಇಟ್ಟು ಹೋಗುವ ಸದ್ದಿಗೆ ಒಗ್ಗಿರುವ ಕಯೋಟಿಗಳಿಗೆ ಮನುಷ್ಯ ಹೊರಟುಹೋದನೆಂಬ ಧೈರ್ಯ ಬರುತ್ತದೆ.

ಮೈಗೆ ತಾಗುವ ಬಟ್ಟೆ ಉಣ್ಣೆಯದಿರಲಿ, ಹತ್ತಿ ಬೇಡ. ಬೆವರು ಹೀರಿದ ಹತ್ತಿ ಮೈಯನ್ನು ತಣ್ಣಗಾಗಿಸುತ್ತದೆ. ನಡೆಯುವಾಗ ದಪ್ಪ ಜಾಕೆಟ್ ಚೀಲದಲ್ಲಿರಲಿ, ಗೂಡು ಸೇರಿ ಬೆವರಾರಿದ ಮೇಲೆ ತೊಡಿ. ಬೂಟು ಕಾಲಿಗಿಂತ ಒಂದು ಅಳತೆ ದೊಡ್ಡದಿರಬೇಕು, ಬಿಗಿಯಾದರೆ ಬೆರಳು ಮರಗಟ್ಟುತ್ತದೆ. ಫೋನನ್ನು ಒಳಜೇಬಿನಲ್ಲಿಡಿ. ಎಲ್ಲಿರುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಒಬ್ಬರಿಗಾದರೂ ತಿಳಿಸಿ ಹೊರಡಿ. ನಮ್ಮ ಮನೆಗಳ ವಿಷಯಕ್ಕೆ ಬಂದರೆ, ಇಂಗಿನ ಒಗ್ಗರಣೆ, ಹುರಿದ ಮಸಾಲೆಯ ವಾಸನೆ ಉಣ್ಣೆಗೆ ಹತ್ತಿಕೊಂಡರೆ ವಾರವಾದರೂ ಬಿಡುವುದಿಲ್ಲ. ಬೇಟೆಯ ಬಟ್ಟೆಯನ್ನು ಮುಚ್ಚಳದ ಡಬ್ಬಿಯಲ್ಲಿ ಹಾಕಿ ಗ್ಯಾರೇಜಿನಲ್ಲಿಡಿ. ಊಟಕ್ಕೆ ಬುತ್ತಿ ಬೇಕಾದರೆ ಮೊಸರನ್ನವೇ ಲೇಸು, ಅದೂ ಹೆಪ್ಪುಗಟ್ಟದಂತೆ ಫ್ಲಾಸ್ಕಿನಲ್ಲಿ.

ಗುರುತಿಸುವುದು ಮತ್ತು ಈಡು

ಎರೆಯ ಬಳಿಗೆ ನರಿ ಬರುತ್ತದೆ, ಪಕ್ಕದ ಮನೆಯ ನಾಯಿ ಬರುತ್ತದೆ, ಲಿಂಕ್ಸ್ ಎಂಬ ಕಾಡುಬೆಕ್ಕು ಬರಬಹುದು. ಕೆನಡಾ ಲಿಂಕ್ಸ್ 2000ದಿಂದ ಕೇಂದ್ರ ಕಾನೂನಿನ ರಕ್ಷಣೆಯಲ್ಲಿದೆ: ಗಿಡ್ಡ ಬಾಲ, ಬಾಲದ ತುದಿ ಪೂರ್ತಿ ಕಪ್ಪು, ಕಿವಿಯ ಮೇಲೆ ಕುಚ್ಚು, ದೇಹಕ್ಕೆ ಹೊಂದದಷ್ಟು ದೊಡ್ಡ ಪಾದ. ತೋಳಕ್ಕೂ ರಕ್ಷಣೆ ಇದೆ. ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಬಳಿ 2021ರ ಡಿಸೆಂಬರ್‌ನಲ್ಲಿ ಒಬ್ಬ ಬೇಟೆಗಾರ ಕಯೋಟಿ ಎಂದುಕೊಂಡು ಹೊಡೆದ ಪ್ರಾಣಿ ಸುಮಾರು 38 ಕಿಲೋ ತೂಗಿತು, ಡಿಎನ್‌ಎ ಪರೀಕ್ಷೆಯಲ್ಲಿ ಅದು ತೋಳವೆಂದು ತಿಳಿಯಿತು. ಕಯೋಟಿಯ ಮೂತಿ ಸಣ್ಣ, ಕಿವಿ ತಲೆಗೆ ಹೋಲಿಸಿದರೆ ದೊಡ್ಡದು ಮತ್ತು ಚೂಪು, ಓಡುವಾಗ ಬಾಲ ಕೆಳಕ್ಕೆ. ತೋಳದ ಮೂತಿ ಅಗಲ, ಕಿವಿ ದುಂಡು, ಕಾಲು ಉದ್ದ, ಹೆಜ್ಜೆ 10 ಸೆಂಟಿಮೀಟರ್ ಮೀರುತ್ತದೆ. ಅಳತೆಗಾಗಿ ಎರೆಯ ಪಕ್ಕ 60 ಸೆಂಟಿಮೀಟರ್ ಎತ್ತರದ ಗೂಟ ನೆಡಿ. ಪೂರ್ವದ ಕಯೋಟಿಯ ಭುಜ ಸಾಮಾನ್ಯವಾಗಿ ಅದರ ತುದಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಗೂಟವನ್ನು ಸ್ಪಷ್ಟವಾಗಿ ಮೀರಿದ ಪ್ರಾಣಿಯನ್ನು ಹೊಡೆಯಬೇಡಿ, ಅನುಮಾನವಿದ್ದರೂ ಹೊಡೆಯಬೇಡಿ. ಕೊರಳಪಟ್ಟಿ ಇದೆಯೇ ಎಂದು ನೋಡಿ. ದೇಹದ ಶಾಖವನ್ನು ತೋರಿಸುವ ದುರ್ಬೀನಿನಲ್ಲಿ ಬರಿಯ ಬಿಳಿ ಆಕಾರ ಕಂಡಷ್ಟಕ್ಕೆ ತೀರ್ಮಾನಕ್ಕೆ ಬರುವುದು ತಪ್ಪು. ತುಪ್ಪಳ, ಮುಖ, ಬಾಲ ಕಾಣುವಷ್ಟು ಬೆಳಕು ಬೇಕು.

ಕಯೋಟಿ ಮೊದಲು ಮರಗಳ ಅಂಚಿನಲ್ಲಿ ನಿಲ್ಲುತ್ತದೆ, ಕೆಲವೊಮ್ಮೆ ಕಾಲು ಗಂಟೆ ಕದಲುವುದಿಲ್ಲ. ಆಗ ಕೋವಿ ಎತ್ತಬೇಡಿ. ಎರೆಗೆ ಬಾಯಿ ಹಾಕಿ, ಹೆದರಿದಂತೆ ಹಾರಿ ಹಿಂದೆ ಸರಿದು, ಮತ್ತೆ ಬರುವುದುಂಟು. ಎರಡನೆಯ ಸಲ ಬಂದಾಗ ನೆಮ್ಮದಿಯಿಂದ ತಿನ್ನತೊಡಗುತ್ತದೆ. ತಲೆ ತಗ್ಗಿದಾಗ ಮಾತ್ರ ನೀವು ಅಲುಗಬೇಕು: ಒಮ್ಮೆ ತಗ್ಗಿದಾಗ ಕೋವಿಯ ಹಿಡಿ ಭುಜಕ್ಕೆ, ಮತ್ತೆ ತಗ್ಗಿದಾಗ ಕಣ್ಣು ದೂರದರ್ಶಕಕ್ಕೆ, ಕೊನೆಗೆ ಸುರಕ್ಷತಾ ಗುಂಡಿ. ಪ್ರಾಣಿ ಅಡ್ಡಲಾಗಿ ನಿಂತಾಗ ಮುಂಗಾಲಿನ ಹಿಂದೆ, ಎದೆಯ ಕೆಳಗಿನ ಮೂರನೇ ಒಂದು ಭಾಗದಲ್ಲಿ ಗುರಿ. ಶ್ವಾಸಕೋಶ, ಹೃದಯ ಇರುವ ಜಾಗ ಅಂಗೈ ಅಗಲದ್ದು ಅಷ್ಟೇ. ನಿಮಗೆ ಮುಖ ಅಥವಾ ಬೆನ್ನು ಮಾಡಿ ನಿಂತಿದ್ದರೆ ಕಾಯಿರಿ, ಎರೆಯನ್ನು ಎಳೆಯುತ್ತಾ ಅದು ತಿರುಗಿಯೇ ತಿರುಗುತ್ತದೆ. ಹಿಂದೆ ಇನ್ನೊಂದು ಪ್ರಾಣಿ ಇದ್ದರೂ ಕಾಯಿರಿ.

ಹೊಡೆದ ತಕ್ಷಣ ಎರಡನೇ ತೋಟಾ ತುಂಬಿ ಗುರಿಯಲ್ಲೇ ಇರಿ. ಬಿದ್ದದ್ದು ಅಲುಗಿದರೆ ಮತ್ತೊಂದು ಈಡು ಹೊಡೆಯಲು ಹಿಂಜರಿಯಬೇಡಿ. ಓಡಿಹೋದರೆ ಕೊನೆಯದಾಗಿ ಕಂಡ ಮರವನ್ನು ನೆನಪಿಟ್ಟು, ಅರ್ಧ ಗಂಟೆ ಕಾದು, ಕೋವಿ ತೆಗೆದುಕೊಂಡು ಹಿಮದಲ್ಲಿ ರಕ್ತದ ಜಾಡು ಹಿಡಿದು ಹೋಗಿ. ನೊರೆಗಟ್ಟಿದ ತಿಳಿಗೆಂಪು ಶ್ವಾಸಕೋಶದ ರಕ್ತ, ಪ್ರಾಣಿ ಹತ್ತಿರದಲ್ಲೇ ಇದೆ. ಹಸಿರು ಕಲೆ ಕಂಡರೆ ಹೊಟ್ಟೆಗೆ ಬಿದ್ದಿದೆ, ಇನ್ನಷ್ಟು ಹೊತ್ತು ಕೊಡಿ. ಹಿಮ ಬೀಳುತ್ತಿದ್ದರೆ ಮಾತ್ರ ಜಾಡು ಮುಚ್ಚಿಹೋಗುವ ಮುನ್ನ ಹೊರಡಿ. ಗಾಯಗೊಂಡದ್ದನ್ನು ಹುಡುಕದೆ ಮನೆಗೆ ಹೋಗುವವರಿಗೆ ಈ ಬೇಟೆಯ ಹಕ್ಕಿಲ್ಲ.

ಚರ್ಮ, ಮತ್ತು ಎರೆಯ ಜಾಗ ತೆರವು

ದೇಹ ಬೆಚ್ಚಗಿರುವಾಗಲೇ ಸುಲಿದರೆ ಚರ್ಮ ಸಲೀಸಾಗಿ ಬರುತ್ತದೆ. ರಬ್ಬರ್ ಕೈಗವಸು, ಮೂಗಿಗೆ ಮಾಸ್ಕ್ ಕಡ್ಡಾಯ. ಕಯೋಟಿಯ ಕರುಳಿನಲ್ಲಿರುವ ಸಣ್ಣ ಲಾಡಿಹುಳುವಿನ ಮೊಟ್ಟೆ ಮನುಷ್ಯನ ಹೊಟ್ಟೆ ಸೇರಿದರೆ ಯಕೃತ್ತಿನಲ್ಲಿ, ಶ್ವಾಸಕೋಶದಲ್ಲಿ ನೀರುಗುಳ್ಳೆ ಬೆಳೆಯುತ್ತದೆ. ಕೂದಲು ಉದುರಿ ಚರ್ಮ ಹುರುಕುಗಟ್ಟಿದ್ದರೆ ಅದು ಕಜ್ಜಿಯ ಹುಳು, ಸುಲಿಯಬೇಡಿ, ಸಾಕುನಾಯಿಯ ಹತ್ತಿರ ತರಬೇಡಿ. ವರ್ತನೆ ವಿಚಿತ್ರವಾಗಿದ್ದ ಪ್ರಾಣಿಯನ್ನು ಬರಿಗೈಯಲ್ಲಿ ಮುಟ್ಟದೆ ವಾರ್ಡನ್‌ಗೆ ತಿಳಿಸಿ, ರೇಬಿಸ್ ಇರಬಹುದು. ಸುಲಿದ ಚರ್ಮವನ್ನು ಕೊಬ್ಬು ಹೆರೆದು, ತುಪ್ಪಳ ಒಳಗಾಗಿಸಿ ಹಲಗೆಗೆ ಎಳೆದು, ತೊಗಲು ಮೇಲ್ಮೈ ಒಣಗಿ ಕಾಗದದಂತಾಗುವ ಮುನ್ನ ತಿರುವಿ ತುಪ್ಪಳ ಹೊರಗಾಗಿಸಬೇಕು. ಮೊದಲ ಚರ್ಮವನ್ನು ಅನುಭವಿಗಳೊಬ್ಬರ ಪಕ್ಕ ಕೂತು ಮಾಡಿ.

ಮಾರ್ಚ್ ಮಧ್ಯದ ನಂತರ ಕಾನೂನು ಬಿಟ್ಟರೂ ನಾನು ಕೂರುವುದಿಲ್ಲ. ಆ ಹೊತ್ತಿಗೆ ಹೆಣ್ಣುಗಳು ಗರ್ಭ ಧರಿಸಿರುತ್ತವೆ, ತುಪ್ಪಳಕ್ಕೂ ಬೆಲೆಯಿಲ್ಲ. ಮಾರ್ಚ್ ಕೊನೆಯಿಂದ ಕಪ್ಪು ಕರಡಿಗಳು ಗುಹೆಯಿಂದ ಹೊರಬರತೊಡಗುತ್ತವೆ, ಮನುಷ್ಯನ ವಾಸನೆಯಿರುವ ಮಾಂಸದ ರುಚಿ ಅವಕ್ಕೆ ಹತ್ತಕೂಡದು. ಹಿಮ ಕರಗುವ ಮುನ್ನವೇ ಗುದ್ದಲಿ, ಸ್ಲೆಡ್ ಒಯ್ದು ಉಳಿದ ಮಾಂಸ, ಮೂಳೆ, ಮರದ ತುಂಡು, ಗೂಟ, ಕ್ಯಾಮೆರಾದ ಪಟ್ಟಿ, ಖಾಲಿ ತೋಟಾ ಎಲ್ಲವನ್ನೂ ತೆಗೆಯಿರಿ. ಹಿಮ ಪೂರ್ತಿ ಕರಗಿದ ಮೇಲೆ ಇನ್ನೊಮ್ಮೆ ಹೋಗಿ ನೋಡಿ, ಹಿಮದಡಿ ಹೂತಿದ್ದ ಮೂಳೆಗಳು ಆಗ ಮೇಲೆ ಬಂದಿರುತ್ತವೆ. ಅಂದೇ ಜಮೀನಿನ ಒಡೆಯರನ್ನು ಕರೆದೊಯ್ದು ಜಾಗ ತೋರಿಸಿದರೆ ಮುಂದಿನ ಚಳಿಗಾಲಕ್ಕೆ ಅನುಮತಿ ಕೇಳುವುದೂ ಆಗುತ್ತದೆ.